ಊರಿನ ಬಡವರ ಪೆಟ್ಟಿಗೆ

ದಾನ ಮಾಡಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ. ಮಾಡುವ ದಾನವನ್ನು ಯಾರ ಕೈಗೆ ಒಪ್ಪಿಸಬೇಕೆಂಬುದು ಮತ್ತೊಂದು. ಮೊದಲನೆಯದಕ್ಕೆ ಎಲ್ಲ ಧರ್ಮಗಳೂ ಒಂದೇ ಉತ್ತರವನ್ನು ಹೇಳುತ್ತವೆ. ಎರಡನೆಯದು ಅಷ್ಟು ಸುಲಭವಲ್ಲ. ಬಾಗಿಲಿಗೆ ಬಂದವನಿಗೆ ನಾವೇ ಕೈಯಾರೆ ನೀಡಿದರೆ ಸಾಲದೆ? ಅಥವಾ ದೇಶದೇಶಗಳಲ್ಲಿ ಹಬ್ಬಿರುವ ದೊಡ್ಡ ಸಂಸ್ಥೆಗಳಿಗೆ ಕಳುಹಿಸಿದರೆ ಹಣವು ಇನ್ನೂ ಹೆಚ್ಚಿನ ಪ್ರಯೋಜನಕ್ಕೆ ಬಾರದೆ? ಇವೆರಡರ ನಡುವೆ, ಒಂದು ಊರಿನ ಒಂದು ಸಮುದಾಯದವರು ತಮ್ಮೊಳಗೆ ಕೂಡಿಸಿಡುವ ಸಣ್ಣ ನಿಧಿಗೆ ಏನು ಮಹತ್ವ? ಈ ಪ್ರಶ್ನೆಗೆ ವಿವರವಾದ ಉತ್ತರವು ದೊರೆಯುವ ಸ್ಥಳವೊಂದು ಇತಿಹಾಸದಲ್ಲಿ ಉಂಟು. ಅದು ಈಜಿಪ್ಟ್ ದೇಶದ ಫುಸ್ತಾತ್ ನಗರ. ಇಂದಿನ ಕೈರೋವಿನ ಹಳೆಯ ಭಾಗ. ಅಲ್ಲಿದ್ದ ಯೆಹೂದ್ಯ ಸಮುದಾಯದವರು ಸುಮಾರು ಒಂಬೈನೂರು ವರ್ಷಗಳ ಹಿಂದೆ ತಮ್ಮ ಬಡವರ ಪೆಟ್ಟಿಗೆಯನ್ನು ಹೇಗೆ ತುಂಬಿದರು, ಹೇಗೆ ಬರಿದುಮಾಡಿದರು ಎಂಬುದನ್ನು ಈ ಹೊತ್ತು ಕೇಳುಗರ ಮುಂದಿಡಲು ಬಯಸುತ್ತೇವೆ.

ಅಷ್ಟು ಹಿಂದಿನ ಬಡವರ ಸಂಗತಿ ನಮಗೆ ತಿಳಿದುದಾದರೂ ಹೇಗೆ? ಅರಸರ ಕಾಲದ ಚರಿತ್ರೆಯಲ್ಲಿ ಬಡವರ ಹೆಸರು ಬರುವುದು ಅಪರೂಪ. ಇಲ್ಲಿ ಮಾತ್ರ ಒಂದು ವಿಶೇಷವು ನಡೆಯಿತು. ದೇವರ ಹೆಸರನ್ನು ಬರೆದಿರಬಹುದಾದ ಯಾವ ಕಾಗದವನ್ನೂ ಬೀದಿಗೆ ಎಸೆಯಬಾರದೆಂಬುದು ಯೆಹೂದ್ಯರ ಆಚಾರ. ಹೀಬ್ರೂ ಅಕ್ಷರವೇ ಪವಿತ್ರವೆಂಬ ಭಾವನೆಯಿಂದ ಫುಸ್ತಾತಿನವರು ಹಳೆಯ ಗ್ರಂಥಗಳ ಜೊತೆಗೆ ಪತ್ರ, ಲೆಕ್ಕ, ಕರಾರು, ಚೀಟಿ ಎಲ್ಲವನ್ನೂ ಬೆನ್ ಎಜ್ರಾ ಎಂಬ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಹಾಕುತ್ತ ಬಂದರು. ಆ ಕೋಣೆಗೆ ಗೆನಿಜಾ ಎಂದು ಹೆಸರು. ಈಜಿಪ್ಟಿನ ಒಣ ಹವೆಯಲ್ಲಿ ಆ ಕಾಗದಗಳು ಕೊಳೆಯದೆ ಉಳಿದುವು. 1896ರ ಕೊನೆಯಲ್ಲಿ ಸಾಲೊಮನ್ ಷೆಕ್ಟರ್ ಎಂಬ ಕೇಂಬ್ರಿಜ್ ವಿದ್ವಾಂಸನು ಅಲ್ಲಿಗೆ ಹೋಗಿ, ಸುಮಾರು ಎರಡು ಲಕ್ಷದಷ್ಟು ಹಾಳೆಗಳನ್ನೂ ಚೂರುಗಳನ್ನೂ ತನ್ನ ವಿಶ್ವವಿದ್ಯಾನಿಲಯಕ್ಕೆ ತಂದನು. ಗೊಯ್ಟೈನ್ ಎಂಬ ಪಂಡಿತರು ಇವುಗಳ ಆಧಾರದಿಂದ ಆ ಸಮಾಜದ ಚರಿತ್ರೆಯನ್ನು ಐದು ಸಂಪುಟಗಳಲ್ಲಿ ಬರೆದರು. 1967ರಲ್ಲಿ ಮೊದಲನೆಯದು ಪ್ರಕಟವಾಯಿತು. ಅವರ ತರುವಾಯ ಮಾರ್ಕ್ ಕೋಹೆನ್ ಎಂಬವರು ಅಲ್ಲಿನ ಬಡತನವನ್ನೂ ದಾನವನ್ನೂ ಕುರಿತು ವಿಶೇಷವಾದ ಗ್ರಂಥವನ್ನು 2005ರಲ್ಲಿ ಹೊರತಂದರು.

ಈ ಕಾಗದಗಳ ರಾಶಿಯಲ್ಲಿ ನಮ್ಮ ಮಂಗಳೂರಿನ ಸುದ್ದಿಯೂ ಇದೆ ಎಂಬುದು ಕನ್ನಡಿಗರಿಗೆ ಕುತೂಹಲವನ್ನುಂಟುಮಾಡತಕ್ಕ ವಿಷಯ. ಅದಕ್ಕೆ ಮುಂದೆ ಬರುತ್ತೇವೆ. ಮೊದಲು ಆ ಪೆಟ್ಟಿಗೆಯ ಶಾಸ್ತ್ರವನ್ನು ಸ್ವಲ್ಪ ತಿಳಿಯೋಣ.

ಯೆಹೂದ್ಯರ ಭಾಷೆಯಲ್ಲಿ ದಾನಕ್ಕೆ ತ್ಸೆದಾಕಾ ಎಂದು ಹೆಸರು. ಆ ಶಬ್ದದ ಧಾತುವಿಗೆ ನ್ಯಾಯ, ಧರ್ಮ ಎಂದು ಅರ್ಥವೇ ಹೊರತು ಕನಿಕರವೆಂದಲ್ಲ. ಬಡವನಿಗೆ ಕೊಡುವುದು ಉದಾರಿಯ ಕೃಪೆಯಲ್ಲ, ಋಣಿಯ ಕರ್ತವ್ಯ ಎಂಬ ತತ್ತ್ವವು ಆ ಒಂದು ಪದದಲ್ಲಿಯೇ ಅಡಗಿದೆ. ಕರ್ತವ್ಯವೆಂದ ಮೇಲೆ ಅದಕ್ಕೆ ಕಟ್ಟುಪಾಡುಗಳು ಬೇಕಷ್ಟೆ. ತಾಲ್ಮೂದ್ ಎಂಬ ಅವರ ಧರ್ಮಗ್ರಂಥವು ಪ್ರತಿ ಊರಿನಲ್ಲಿಯೂ ಎರಡು ಬಗೆಯ ಏರ್ಪಾಡುಗಳನ್ನು ಹೇಳುತ್ತದೆ. ಒಂದು ತಮ್ಹುಯಿ; ಎಂದರೆ ದಿನದಿನವೂ ಅಡಿಗೆಯ ಪದಾರ್ಥಗಳನ್ನು ಕೂಡಿಸಿ ಹಸಿದವರಿಗೆ ಹಂಚುವುದು. ಇದು ದಾರಿಹೋಕನಿಗೂ ಉಂಟು. ಇನ್ನೊಂದು ಕುಪ್ಪಾ, ಎಂದರೆ ಬುಟ್ಟಿ ಅಥವಾ ಪೆಟ್ಟಿಗೆ. ವಾರವಾರವೂ ಹಣವನ್ನು ಕೂಡಿಸಿ ಶುಕ್ರವಾರ ಊರಿನ ಬಡವರಿಗೆ ಮುಂದಿನ ವಾರದ ಖರ್ಚಿಗೆ ಹಂಚುವುದು ಇದರ ಕ್ರಮ. ಊರಿಗೆ ಹೊಸದಾಗಿ ಬಂದು ನೆಲೆಸಿದವನು ಕೆಲವು ಕಾಲ ಕಳೆದ ಮೇಲೆ ಇವುಗಳಿಗೆ ಕೊಡಲು ಬದ್ಧನಾಗುತ್ತಾನೆ. ಆರು ತಿಂಗಳಾದರೆ ಬಟ್ಟೆಯ ನಿಧಿಗೂ, ಒಂಬತ್ತು ತಿಂಗಳಾದರೆ ದಿಕ್ಕಿಲ್ಲದವರ ಶವಸಂಸ್ಕಾರದ ನಿಧಿಗೂ ಅವನು ತೆರಬೇಕು. ಒಬ್ಬನು ಊರಿನವನೆನಿಸಿಕೊಳ್ಳುವುದು ಮನೆ ಕಟ್ಟಿದುದರಿಂದಲ್ಲ, ಈ ಪೆಟ್ಟಿಗೆಗೆ ಪಾಲು ಹಾಕಿದುದರಿಂದ ಎಂಬಂತಿದೆ ಈ ವಿಧಿ. ದಾನದಿಂದಲೇ ಜೀವಿಸುವ ಬಡವನೂ ತನಗೆ ಬಂದುದರಲ್ಲಿ ಸ್ವಲ್ಪವನ್ನು ದಾನಮಾಡಬೇಕೆಂದು ಸಹ ಅವರು ವಿಧಿಸಿದರು. ಕೊಡುವ ಗೌರವದಿಂದ ಯಾರನ್ನೂ ಹೊರಗಿಡಬಾರದೆಂಬುದೇ ಇದರ ಉದ್ದೇಶವಾಗಿರಬೇಕು.

ಹಣವು ಕೂಡಿದ ಕಡೆ ಸಂಶಯವೂ ಕೂಡುವುದು ಲೋಕದ ರೀತಿ. ಆದುದರಿಂದ ಪೆಟ್ಟಿಗೆಯ ಹಣವನ್ನು ಎತ್ತುವವರು ಇಬ್ಬರಿಗೆ ಕಡಮೆ ಇರಕೂಡದು. ಹಂಚುವವರು ಮೂವರಿಗೆ ಕಡಮೆ ಇರಕೂಡದು. ಯಾರಿಗೆ ಎಷ್ಟೆಂದು ತೀರ್ಮಾನಿಸುವುದು ನ್ಯಾಯಾಧೀಶನ ಕೆಲಸಕ್ಕೆ ಸಮಾನವಾದುದರಿಂದ, ವ್ಯಾಜ್ಯದಲ್ಲಿ ಹೇಗೋ ಹಾಗೆ ಇಲ್ಲಿಯೂ ಮೂರು ಮಂದಿ ಬೇಕೆಂದು ಕಾರಣವನ್ನು ಹೇಳಿದ್ದಾರೆ. ಹಣ ಎತ್ತಲು ಹೊರಟ ಇಬ್ಬರೂ ಬೀದಿಯಲ್ಲಿ ಒಬ್ಬರನ್ನೊಬ್ಬರು ಅಗಲಿ ನಡೆಯಬಾರದು. ಆ ಹೊತ್ತಿನಲ್ಲಿ ಅವರಲ್ಲೊಬ್ಬನಿಗೆ ದಾರಿಯಲ್ಲಿ ನಾಣ್ಯ ಸಿಕ್ಕಿದರೂ ಅದನ್ನು ತನ್ನ ಚೀಲಕ್ಕೆ ಹಾಕಿಕೊಳ್ಳದೆ ಧರ್ಮದ ಚೀಲಕ್ಕೆ ಹಾಕಿ, ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು. ನೋಡಿದವರು ಧರ್ಮದ ಹಣವನ್ನು ಜೇಬಿಗಿಳಿಸಿದನೆಂದು ತಿಳಿದಾರೆಂದು ಇಷ್ಟು ಎಚ್ಚರಿಕೆ. ಹಂಚಿ ಉಳಿದ ಆಹಾರವನ್ನು ಮಾರಬೇಕಾದರೂ ಅಧಿಕಾರಿಗಳು ತಾವೇ ಕೊಳ್ಳಬಾರದು, ಬೇರೆಯವರಿಗೆ ಮಾರಬೇಕು. ಇಂತಹ ನಿಯಮಗಳನ್ನು ಮಾಡಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ.

ಶಾಸ್ತ್ರದ ಮಾತು ಹೀಗಾಯಿತು. ಆಚರಣೆ ಹೇಗಿದ್ದಿತು? ಗೆನಿಜಾದಲ್ಲಿ ದೊರೆತಿರುವ ಹಂಚಿಕೆಯ ಪಟ್ಟಿಗಳನ್ನು ನೋಡಿದರೆ ಫುಸ್ತಾತಿನಲ್ಲಿ ಪೆಟ್ಟಿಗೆಯ ಮುಖ್ಯವಾದ ಕೆಲಸ ರೊಟ್ಟಿಯನ್ನು ಹಂಚುವುದಾಗಿದ್ದಿತೆಂದು ತಿಳಿಯುತ್ತದೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹಂಚಿಕೆ ನಡೆಯುತ್ತಿದ್ದಿತು. ಸಾಮಾನ್ಯವಾಗಿ ಒಬ್ಬನಿಗೆ ವಾರಕ್ಕೆ ನಾಲ್ಕು ರೊಟ್ಟಿಗಳು. ಒಂದೊಂದೂ ಸುಮಾರು ಒಂದು ರತ್ಲ್ ತೂಕ. ನಮ್ಮ ಹಳಬರು ಆಡುತ್ತಿದ್ದ ರಾತ್ಲು ಎಂಬ ತೂಕದ ಹೆಸರು ಈ ಅರಬ್ಬಿ ಶಬ್ದದಿಂದಲೇ ಬಂದುದು. ಇಷ್ಟರಿಂದ ಹೊಟ್ಟೆ ತುಂಬಿತೆನ್ನುವಂತಿಲ್ಲ. ಹಸಿವಿನಿಂದ ಪ್ರಾಣ ಹೋಗದಂತೆ ಆಯಿತೆನ್ನಬಹುದು. ರೊಟ್ಟಿಯಲ್ಲದೆ ಗೋಧಿ, ಬಟ್ಟೆ, ಸ್ವಲ್ಪ ಹಣ ಇವುಗಳ ಹಂಚಿಕೆಗೂ ಬೇರೆ ಬೇರೆ ಪಟ್ಟಿಗಳಿವೆ. ರೋಗಿಗಳಿಗೂ, ತಂದೆಯಿಲ್ಲದ ಮಕ್ಕಳ ವಿದ್ಯಾಭ್ಯಾಸಕ್ಕೂ, ಹೆಣವನ್ನು ಹೂಳುವುದಕ್ಕೂ ನೆರವು ದೊರೆಯುತ್ತಿದ್ದಿತು.

ಇವೆಲ್ಲಕ್ಕಿಂತ ಕಠಿನವಾದ ಖರ್ಚೊಂದು ಇದ್ದಿತು. ಮುಸಲ್ಮಾನ ಪ್ರಭುಗಳ ರಾಜ್ಯದಲ್ಲಿ ಯೆಹೂದ್ಯ ಮತ್ತು ಕ್ರೈಸ್ತ ಪುರುಷರು ಪ್ರತಿವರ್ಷವೂ ತಲೆಗಂದಾಯವನ್ನು ತೆರಬೇಕಾಗಿದ್ದಿತು. ಕೂಲಿಯವನಿಗೂ ಇದರಿಂದ ಬಿಡುಗಡೆಯಿರಲಿಲ್ಲ. ಕಂದಾಯ ತೆತ್ತ ರಸೀದಿ ಇಲ್ಲದವನು ಊರಿನಿಂದ ಊರಿಗೆ ಹೋಗಲು ಹೆದರುವನು, ಸಿಕ್ಕಿಬಿದ್ದರೆ ಸೆರೆಮನೆ, ಸೆರೆಮನೆಯಲ್ಲಿ ಹೊಡೆತ, ಹಸಿವು, ರೋಗ. ಎಷ್ಟೋ ಮಂದಿ ಬಡವರು ಕಂದಾಯದ ಕಾಲ ಬಂದಾಗ ಮನೆಯಿಂದ ಹೊರಗೆ ಬರಲಾರದೆ ಅಡಗಿಕೊಂಡಿದ್ದರೆಂದು ಅವರ ಪತ್ರಗಳಿಂದಲೇ ತಿಳಿಯುತ್ತದೆ. ಅಡಗಿ ಕುಳಿತವನಿಗೆ ದುಡಿಮೆಯಿಲ್ಲ. ದುಡಿಮೆಯಿಲ್ಲದ ಮನೆಯಲ್ಲಿ ಮಕ್ಕಳಿಗೆ ಅನ್ನವಿಲ್ಲ. ಅಂಥವರ ಕಂದಾಯವನ್ನು ಸಮುದಾಯವು ಕೂಡಿಸಿ ತೆತ್ತಾಗ ಒಂದು ಸಂಸಾರವು ಮತ್ತೆ ಬೀದಿಯ ಬೆಳಕಿಗೆ ಬರುತ್ತಿದ್ದಿತು.

ಪಟ್ಟಿಗಳಲ್ಲಿ ಹೆಸರು ಬರೆದಿರುವ ರೀತಿಯೂ ಗಮನಿಸತಕ್ಕದ್ದು. ಕುರುಡನೆಂದು ಒಬ್ಬನನ್ನು, ಇಂಥವನ ವಿಧವೆಯೆಂದು ಒಬ್ಬಳನ್ನು, ಗೋರಿ ತೋಡುವವನೆಂದು ಇನ್ನೊಬ್ಬನನ್ನು, ಇಂಥವರ ಮನೆಯಲ್ಲಿರುವ ಅನಾಥ ಮಕ್ಕಳೆಂದು ಕೆಲವರನ್ನು ಗುರುತಿಸಿದ್ದಾರೆ. ಬರೆದವನು ಅವರನ್ನು ಬಲ್ಲನು. ಅವರ ಬೀದಿಯನ್ನೂ ಬಲ್ಲನು. ಯಾರ ಮನೆಯಲ್ಲಿ ಎಷ್ಟು ಬಾಯಿಗಳೆಂಬುದನ್ನು ರೊಟ್ಟಿಯ ಎಣಿಕೆಯೇ ಹೇಳುತ್ತದೆ. ದೂರದಲ್ಲಿ ಕುಳಿತ ಯಾವ ದೊಡ್ಡ ಅಧಿಕಾರಿಗೂ ಈ ತಿಳಿವಳಿಕೆ ಸಾಧ್ಯವಿಲ್ಲ. ಸ್ಥಳೀಯ ನಿಧಿಯ ಮೊದಲನೆಯ ಪ್ರಯೋಜನ ಇದು: ಅದಕ್ಕೆ ಬಡವನ ಮುಖ ಗೊತ್ತು.

ಆದರೆ ಮುಖ ಗೊತ್ತಿರುವುದರಲ್ಲಿಯೇ ಒಂದು ಕಷ್ಟವೂ ಇದೆ. ನಮ್ಮ ಬಡತನವು ನೆರೆಯವರಿಗೆ ತಿಳಿಯಬಾರದೆಂಬುದು ಮಾನವಂತರ ಆಸೆ. ಫುಸ್ತಾತಿನಲ್ಲಿ ಇಂಥವರನ್ನು ಮಸ್ತೂರ್ ಎಂದು ಕರೆಯುತ್ತಿದ್ದರು; ಮುಚ್ಚಿಕೊಂಡಿರುವವನು, ಮರೆಯಲ್ಲಿರುವವನು ಎಂದರ್ಥ. ದುಡಿದು ಹೇಗೋ ಕಾಲ ಹಾಕುತ್ತ, ಯಾರ ಮುಂದೆಯೂ ಕೈಯೊಡ್ಡದೆ ಬಾಳುವವನು ಅವನು. ಕಾಯಿಲೆಯೋ ಸಾಲವೋ ಬಂದು ಅವನು ಮೊದಲನೆಯ ಸಲ ಬೇಡಬೇಕಾಗಿ ಬಂದಾಗ, ಮುಖದ ಮುಸುಕನ್ನು ತೆಗೆಯಬೇಕಾಯಿತೆಂದು ಅವರ ಮಾತಿನಲ್ಲಿ ಹೇಳುವರು. ಇದುವರೆಗೆ ತಮಗೆ ಆ ಅವಸ್ಥೆ ಬಂದಿರಲಿಲ್ಲವೆಂದು ಬೇಡಿಕೆಯ ಪತ್ರಗಳಲ್ಲಿ ಮತ್ತೆ ಮತ್ತೆ ಬರೆದುಕೊಂಡಿದ್ದಾರೆ. ಬಡತನಕ್ಕಿಂತಲೂ ಅದು ಬಯಲಾಗುವುದೇ ಅವರಿಗೆ ದೊಡ್ಡ ದುಃಖವಾಗಿದ್ದಿತು.

ಇಂಥವನಿಗೆ ಒಬ್ಬ ಶ್ರೀಮಂತನು ತನ್ನ ಜಗುಲಿಯ ಮೇಲೆ ಕುಳಿತು ಕೈಯೆತ್ತಿ ಕೊಟ್ಟರೆ, ಕೊಟ್ಟ ಹಣದ ಜೊತೆಗೆ ಒಂದು ಭಾರವನ್ನೂ ಹೊರಿಸಿದಂತಾಗುತ್ತದೆ. ಮುಂದೆ ಅವರಿಬ್ಬರೂ ಎದುರಾದಾಗಲೆಲ್ಲ ಒಬ್ಬನು ದಾತ, ಇನ್ನೊಬ್ಬನು ಯಾಚಕ. ಪೆಟ್ಟಿಗೆಯು ಈ ಸಂಬಂಧವನ್ನು ನಡುವೆ ಕತ್ತರಿಸುತ್ತದೆ. ಕೊಟ್ಟವನ ನಾಣ್ಯವು ನೂರು ನಾಣ್ಯಗಳಲ್ಲಿ ಸೇರಿಹೋಗುತ್ತದೆ. ಪಡೆದವನು ಯಾರ ನಾಣ್ಯವನ್ನು ಪಡೆದೆನೆಂದು ತಿಳಿಯನು. ಹಂಚುವ ಮೂವರಿಗೆ ಮಾತ್ರ ಅವನ ಸ್ಥಿತಿ ತಿಳಿದಿದ್ದರೆ ಸಾಕು, ಊರಿಗೆಲ್ಲ ತಿಳಿಯಬೇಕಾದುದಿಲ್ಲ. ಬಡವನ ಮುಖವನ್ನು ಅರಿತಿದ್ದೂ ಅದನ್ನು ಮರೆಮಾಡುವ ಈ ಎರಡು ಗುಣಗಳು ಒಂದೇ ಕಡೆ ಸೇರುವುದು ಸಮೀಪದ ಸಾಮೂಹಿಕ ನಿಧಿಯಲ್ಲಿ ಮಾತ್ರ ಎಂದು ನಮಗೆ ತೋರುತ್ತದೆ. ಕೈಯಾರೆ ಮಾಡುವ ದಾನದಲ್ಲಿ ಅರಿವುಂಟು, ಮರೆಯಿಲ್ಲ. ದೂರದ ಸಂಸ್ಥೆಯ ದಾನದಲ್ಲಿ ಮರೆಯುಂಟು, ಅರಿವಿಲ್ಲ.

ಈ ವಿಚಾರವನ್ನು ಶಾಸ್ತ್ರಕ್ಕೆ ಏರಿಸಿದ ಮಹಾಪುರುಷನೂ ಫುಸ್ತಾತಿನಲ್ಲಿಯೇ ಬಾಳಿದವನು. ಮೋಶೆ ಬೆನ್ ಮೈಮೋನ್, ಪಾಶ್ಚಾತ್ಯರು ಮೈಮೋನಿಡೀಸ್ ಎಂದು ಕರೆಯುವ ಪಂಡಿತನು, ಸ್ಪೇನಿನ ಕಾರ್ಡೋವಾ ನಗರದಲ್ಲಿ ಹುಟ್ಟಿ, ಮತಹಿಂಸೆಗೆ ಸಿಕ್ಕಿದ ಕುಟುಂಬದೊಡನೆ ದೇಶದಿಂದ ದೇಶಕ್ಕೆ ಅಲೆದು, 1160ರ ದಶಕದಲ್ಲಿ ಈಜಿಪ್ಟಿಗೆ ಬಂದನು. 1204ರಲ್ಲಿ ಅಲ್ಲಿಯೇ ಕಾಲವಾದನು. ತನ್ನ ಧರ್ಮಸಂಹಿತೆಯಲ್ಲಿ ಅವನು ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾನೆ. ಒಲ್ಲದ ಮನಸ್ಸಿನಿಂದ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನನ್ನು ಪಡೆದವನೂ, ಪಡೆದವನನ್ನು ಕೊಟ್ಟವನೂ ಅರಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಧರ್ಮಪೆಟ್ಟಿಗೆಗೆ ಹಾಕುವುದು ಇದಕ್ಕೆ ಸಮೀಪವೆಂದು ಅವನ ಅಭಿಪ್ರಾಯ. ಆದರೆ ಪೆಟ್ಟಿಗೆಯ ಆಡಳಿತಗಾರನು ನಂಬಿಕೆಗೆ ಅರ್ಹನೂ ವಿವೇಕಿಯೂ ಆಗಿದ್ದರೆ ಮಾತ್ರ ಅದಕ್ಕೆ ಹಾಕಬೇಕೆಂದು ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಯಾವುದು? ಬೀಳುತ್ತಿರುವವನಿಗೆ ಸಾಲ ಕೊಟ್ಟೋ, ಪಾಲುಗಾರನನ್ನಾಗಿ ಮಾಡಿಕೊಂಡೋ, ಕೆಲಸ ಹುಡುಕಿಕೊಟ್ಟೋ, ಅವನು ಮುಂದೆ ಬೇಡದಂತೆ ಮಾಡುವುದು. ಬಡವರ ಪೆಟ್ಟಿಗೆಯಿಲ್ಲದ ಯೆಹೂದ್ಯರ ಊರನ್ನು ತಾನು ಕಂಡಿಲ್ಲ, ಕೇಳಿಯೂ ಇಲ್ಲವೆಂಬ ಅಭಿಪ್ರಾಯವನ್ನೂ ಅವನು ಬರೆದಿದ್ದಾನೆ.

ಇಂದು ಕೊಡುವವನು ನಾಳೆ ಪಡೆಯುವವನಾಗಬಹುದು ಎಂಬುದು ಎಲ್ಲ ದೇಶಗಳಲ್ಲಿಯೂ ಹೇಳುವ ಮಾತು. ಫುಸ್ತಾತಿನವರಿಗೆ ಅದು ಕೇವಲ ಮಾತಾಗಿರಲಿಲ್ಲ. ಅವರ ಸಿರಿಯೆಲ್ಲ ಸಮುದ್ರದ ಮೇಲೆ ತೇಲುತ್ತಿದ್ದಿತು. ಇಲ್ಲಿ ಮಂಗಳೂರಿನ ಪ್ರಸ್ತಾಪವು ಬರುತ್ತದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಟ್ಯುನೀಷಿಯಾ ದೇಶದ ಮಹ್ದಿಯಾ ಪಟ್ಟಣದಿಂದ ಹೊರಟು ಏಡನ್ ಮಾರ್ಗವಾಗಿ ಮಲಬಾರಿನ ಕರಾವಳಿಗೆ ಬಂದನು. 1132ರಲ್ಲಿ ಅವನು ಮಂಗಳೂರಿನಲ್ಲಿದ್ದುದಕ್ಕೆ ಪತ್ರದ ಆಧಾರವಿದೆ. ಆ ವರ್ಷದ ಅಕ್ಟೋಬರಿನಲ್ಲಿ ಅವನು ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆಮಾಡಿದ ಕರಾರು ಗೆನಿಜಾದಲ್ಲಿ ದೊರೆತಿದೆ. ಮಂಗಳೂರಿನಲ್ಲಿ ಅವನು ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. ಏಡನ್ನಿನ ಮಿತ್ರರು ಒಡೆದ ಪಾತ್ರೆಗಳನ್ನು ಕಳುಹಿಸಿ ಹೊಸದಾಗಿ ಎರೆಸಿಕೊಳ್ಳುತ್ತಿದ್ದರು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿದ್ದುವು. ಅಲ್ಲಿಂದ ಕಾಗದವೂ ಬಟ್ಟೆಯೂ ಬರುತ್ತಿದ್ದುವು. ಹೀಗೆ ಹದಿನೇಳು ವರ್ಷಗಳಷ್ಟು ಕಾಲ ಕಳೆದು ಅವನು ಸಂಪನ್ನನಾಗಿ 1149ರಲ್ಲಿ ಏಡನ್ನಿಗೆ ಹಿಂದಿರುಗಿದನು.

ಅಷ್ಟರಲ್ಲಿ ಅವನ ಹುಟ್ಟೂರಿನ ಗತಿಯೇನಾಗಿದ್ದಿತು? 1148ರಲ್ಲಿ ಸಿಸಿಲಿಯ ನಾರ್ಮನ್ ದೊರೆಯ ನೌಕಾಬಲವು ಮಹ್ದಿಯಾವನ್ನು ಹಿಡಿದಿದ್ದಿತು. ಅವನ ಅಣ್ಣತಮ್ಮಂದಿರ ಸಂಸಾರಗಳು ಇದ್ದುದನ್ನೆಲ್ಲ ಕಳೆದುಕೊಂಡು ಸಿಸಿಲಿ ದ್ವೀಪದಲ್ಲಿ ಪರದೇಶಿಗಳಾಗಿ ಬಾಳುತ್ತಿದ್ದುವು. ಈ ಸುದ್ದಿಯನ್ನು ಕೇಳಿ ಬೆನ್ ಯಿಜು 1149ರ ಸೆಪ್ಟೆಂಬರಿನಲ್ಲಿ ಏಡನ್ನಿನಿಂದ ಅವರಿಗೆ ಪತ್ರವನ್ನು ಬರೆದನು. ದೇವರ ದಯದಿಂದ ತನ್ನಲ್ಲಿ ಎಲ್ಲರೂ ಬಾಳುವಷ್ಟು ಉಂಟು, ಬಂದು ಸೇರಿಕೊಳ್ಳಿರೆಂಬುದು ಆ ಪತ್ರದ ಸಾರ. 1156ರಲ್ಲಿ ಫುಸ್ತಾತಿನಲ್ಲಿ ಅವನ ಮಗಳಿಗೂ ಆ ನಿರಾಶ್ರಿತ ಕುಟುಂಬದ ಸೋದರನ ಮಗನಿಗೂ ವಿವಾಹವಾಯಿತು. ಇಂಥ ಅಣ್ಣನೊಬ್ಬನು ಇದ್ದವರ ಕಥೆ ಇದು. ಇಲ್ಲದವರ ಗತಿಯೇನು? ಮಂಗಳೂರಿನಿಂದ ಬಂದ ವರ್ತಕನ ಪತ್ರಗಳೂ ಫುಸ್ತಾತಿನ ರೊಟ್ಟಿಯ ಪಟ್ಟಿಗಳೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಬಿದ್ದಿದ್ದುವು. ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯಲು ಒಂದು ಹಡಗು ಮುಳುಗಿದರೆ ಸಾಕಾಗಿದ್ದಿತು.

ಮೈಮೋನಿಡೀಸನ ಮನೆಯಲ್ಲಿಯೇ ಅದು ನಡೆಯಿತು. ಅವನ ತಮ್ಮ ದಾವೀದನು ರತ್ನಗಳ ವ್ಯಾಪಾರಿ. ಮನೆಯನ್ನು ಸಾಕುತ್ತಿದ್ದವನು ಅವನೇ. ಅಣ್ಣನು ಗ್ರಂಥರಚನೆಯಲ್ಲಿ ನಿರತನಾಗಿದ್ದನು. ಭಾರತದ ಕಡೆಗೆ ವ್ಯಾಪಾರಕ್ಕೆಂದು ಹೊರಟ ದಾವೀದನು ಹಿಂದೂ ಮಹಾಸಾಗರದಲ್ಲಿ ಹಡಗಿನೊಡನೆ ಮುಳುಗಿದನು. ತನ್ನ ಹಣವಲ್ಲದೆ ಅಣ್ಣನ ಹಣವೂ ಪರರ ಹಣವೂ ಅವನೊಡನೆ ಹೋದುವು. ಮೈಮೋನಿಡೀಸನು ಈ ದುಃಖದಿಂದ ಒಂದು ವರ್ಷದಷ್ಟು ಕಾಲ ಹಾಸಿಗೆ ಹಿಡಿದನೆಂದು ಮಿತ್ರನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ ಬಳಿಕ ವೈದ್ಯವೃತ್ತಿಯಿಂದ ಜೀವನವನ್ನು ಸಾಗಿಸಬೇಕಾಯಿತು. ದಾನದ ಎಂಟು ಮೆಟ್ಟಿಲುಗಳನ್ನು ಬರೆದವನಿಗೆ ಸಂಪತ್ತಿನ ಅಸ್ಥಿರತೆಯು ಪುಸ್ತಕದಿಂದ ತಿಳಿದುದಲ್ಲವೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಇನ್ನು ಸ್ಥಳೀಯ ನಿಧಿಗೆ ವಿರೋಧವಾಗಿ ಹೇಳಬಹುದಾದ ಮಾತನ್ನು ನೋಡೋಣ. ತನ್ನ ಊರಿನವರಿಗೆ, ತನ್ನ ಮತದವರಿಗೆ ಮಾತ್ರ ಕೊಡುವುದು ಸಂಕುಚಿತವಲ್ಲವೆ? ತನ್ನ ಊರಿನ ಬಡವರು ಮೊದಲು ಎಂಬ ನಿಯಮವೇನೋ ತಾಲ್ಮೂದಿನಲ್ಲಿ ಉಂಟು. ಆದರೆ ಅನ್ಯಮತದ ಬಡವರಿಗೂ ತಮ್ಮ ಬಡವರ ಜೊತೆಯಲ್ಲಿ ಅನ್ನವಿಕ್ಕಬೇಕೆಂಬ ನಿಯಮವೂ ಅದರಲ್ಲಿಯೇ ಉಂಟು. ಇನ್ನು ಫುಸ್ತಾತಿನ ಪಟ್ಟಿಗಳನ್ನು ನೋಡಿದರೆ ಅದರಲ್ಲಿ ಹೊರಗಿನಿಂದ ಬಂದವರ ಹೆಸರುಗಳೇ ತುಂಬಿವೆ. ಬೈಜಾಂಟಿಯಂ ಕಡೆಯಿಂದ ಬಂದವರು, ಪ್ಯಾಲೆಸ್ತೈನಿನಿಂದ ಓಡಿಬಂದವರು, ಹೊಸಬರೆಂದು ಮಾತ್ರ ಬರೆಯಲ್ಪಟ್ಟವರು ಬಹು ಮಂದಿ. ಅವರಲ್ಲಿ ಹಲವರಿಗೆ ಊರಿನ ಅರಬ್ಬಿ ಮಾತು ಸಹ ಬರುತ್ತಿದ್ದಿರಲಾರದು. ಊರಿನ ಬಡವರು ಮೊದಲು ಎಂಬ ನಿಯಮವನ್ನು ಓದಿದ್ದವರೇ, ಊರಿಗೆ ಬಂದು ಬಿದ್ದವನನ್ನು ಊರಿನ ಬಡವನೆಂದು ಎಣಿಸಿ ರೊಟ್ಟಿಯನ್ನು ಹಂಚಿದರು. ಹಸಿದು ಬಂದವನನ್ನು ಆಗಲೇ ಉಣಿಸಬೇಕು, ವಿಚಾರಣೆ ಮಾಡಬಾರದೆಂಬುದೂ ಅವರ ಶಾಸ್ತ್ರದಲ್ಲಿಯೇ ಉಂಟು.

ದೂರದವರ ಕಷ್ಟಕ್ಕೂ ಈ ಪೆಟ್ಟಿಗೆಯೇ ಆಧಾರವಾಯಿತು. ಆ ಕಾಲದ ಮೆಡಿಟರೇನಿಯನ್ ಸಮುದ್ರದಲ್ಲಿ ಕಡಲುಗಳ್ಳರೂ ಸೈನಿಕರೂ ಜನರನ್ನು ಸೆರೆಹಿಡಿದು ಮಾರುತ್ತಿದ್ದರು. ಸೆರೆಯಾಳುಗಳನ್ನು ಹಣ ತೆತ್ತು ಬಿಡಿಸುವುದಕ್ಕಿಂತ ಹೆಚ್ಚಿನ ಪುಣ್ಯವಿಲ್ಲವೆಂದು ಯೆಹೂದ್ಯರ ನಂಬಿಕೆ. ಮೂವರಿಗೆ ನೂರು ದೀನಾರುಗಳೆಂಬುದು ವಾಡಿಕೆಯ ದರ. ಎಂದರೆ ಒಬ್ಬರಿಗೆ ಮೂವತ್ತಮೂರು ದೀನಾರುಗಳಿಗೂ ಮೇಲೆ. ಸಾಧಾರಣವಾದ ಒಂದು ಸಂಸಾರಕ್ಕೆ ತಿಂಗಳಿಗೆ ಎರಡು ದೀನಾರುಗಳು ಸಾಕಾಗುತ್ತಿದ್ದ ಕಾಲ ಅದು. ಒಬ್ಬ ಸೆರೆಯಾಳನ್ನು ಬಿಡಿಸುವ ಹಣದಲ್ಲಿ ಒಂದು ಸಂಸಾರವು ಸುಮಾರು ಹದಿನಾರು ತಿಂಗಳು ಬಾಳಬಹುದಾಗಿದ್ದಿತು. ಎಂತಹ ಧನಿಕನಾದರೂ ಒಬ್ಬನೇ ಇಂತಹ ಭಾರವನ್ನು ಎಷ್ಟು ದಿನ ಹೊರಬಲ್ಲನು?

1168ರ ನವೆಂಬರಿನಲ್ಲಿ ಜೆರೂಸಲೇಮಿನ ಕ್ರೈಸ್ತ ದೊರೆ ಅಮಾಲ್ರಿಕನು ಈಜಿಪ್ಟಿನ ಮೇಲೆ ದಂಡೆತ್ತಿ ಬಂದು ಬಿಲ್ಬೈಸ್ ಪಟ್ಟಣವನ್ನು ಹಿಡಿದನು. ಅಲ್ಲಿ ಬಹು ಜನರು ಹತರಾದರು, ಅನೇಕರು ಸೆರೆಯಾದರು, ಅವರಲ್ಲಿ ಯೆಹೂದ್ಯರೂ ಇದ್ದರು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಈಜಿಪ್ಟಿನ ಮಂತ್ರಿಯು ಫುಸ್ತಾತಿಗೇ ಬೆಂಕಿಯಿಡಿಸಿದನೆಂದು ಅರಬ್ಬಿ ಚರಿತ್ರಕಾರರು ಬರೆದಿದ್ದಾರೆ. ಇಂತಹ ಸಂಕಟದ ಬೆನ್ನಲ್ಲಿಯೇ, 1169ರ ಸುಮಾರಿನಲ್ಲಿ, ಈಜಿಪ್ಟಿಗೆ ಹೊಸಬನಾಗಿದ್ದ ಮೈಮೋನಿಡೀಸನು ಸೆರೆಯಾಳುಗಳ ಬಿಡುಗಡೆಗೆ ಹಣ ಕೂಡಿಸಬೇಕೆಂದು ನಾಡಿನ ಇತರ ಸಮುದಾಯಗಳಿಗೆ ಪತ್ರಗಳನ್ನು ಬರೆದನು. ಗೆನಿಜಾದಲ್ಲಿ ಅವು ಉಳಿದುಬಂದಿವೆ. ಫುಸ್ತಾತಿನವರು ತಮ್ಮ ಕೈಲಾದುದನ್ನು ಕೊಟ್ಟಿದ್ದಾರೆ, ಇತರರೂ ಹಾಗೆಯೇ ಮಾಡಬೇಕೆಂದು ಅವನು ಪ್ರೇರಿಸಿದನು. ಊರೂರಿನಲ್ಲಿ ಕೊಡುವ ಅಭ್ಯಾಸವೂ ಎತ್ತುವ ಜನರೂ ಮೊದಲೇ ಇದ್ದುದರಿಂದ ಆ ಪತ್ರಗಳಿಗೆ ಬೆಲೆ ಬಂದಿತು. ದಿನವೂ ಕೊಡಲು ಕಲಿತಿಲ್ಲದ ಊರಿಗೆ ಆಪತ್ತಿನ ದಿನ ಬರೆದ ಪತ್ರವು ಬರಿಯ ಕಾಗದವಾಗಿಯೇ ಉಳಿಯುತ್ತದೆ.

ಈ ಏರ್ಪಾಟಿನಲ್ಲಿ ಕುಂದುಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ರೊಟ್ಟಿ ಸಾಲುತ್ತಿರಲಿಲ್ಲ. ಒಪ್ಪಿಕೊಂಡ ಹಣವನ್ನು ಕೊಡಲು ತಡಮಾಡುವವರು ಅಂದೂ ಇದ್ದರು. ಸಮುದಾಯಕ್ಕೆಂದು ಬಿಟ್ಟುಕೊಟ್ಟ ಮನೆಗಳ ಬಾಡಿಗೆಯಲ್ಲಿ ದುರಸ್ತಿಗೂ, ಪ್ರಾರ್ಥನಾಮಂದಿರದ ದೀಪದ ಎಣ್ಣೆಗೂ, ನೌಕರರ ಸಂಬಳಕ್ಕೂ ದೊಡ್ಡ ಪಾಲು ಹೋಗುತ್ತಿದ್ದಿತು. ಬಡವರಿಗೆ ರೊಟ್ಟಿ ಹಂಚುವ ಪಟ್ಟಿಯಲ್ಲಿಯೇ ಮಂದಿರದ ಸಣ್ಣ ನೌಕರರ ಹೆಸರುಗಳೂ ಸೇರಿವೆ. ಆದರೆ ಈ ಕುಂದುಗಳು ನಮಗೆ ತಿಳಿದುದು ಅವರೇ ಬರೆದಿಟ್ಟ ಲೆಕ್ಕದಿಂದ. ಧರ್ಮಾಧಿಕಾರಿಗಳಿಂದ ಲೆಕ್ಕ ಕೇಳಬೇಕಾದುದಿಲ್ಲವೆಂದು ತಾಲ್ಮೂದ್ ಹೇಳಿದ್ದರೂ, ಫುಸ್ತಾತಿನವರು ಕೊಟ್ಟವರ ಹೆಸರು, ಪಡೆದವರ ಹೆಸರು, ರೊಟ್ಟಿಯ ಸಂಖ್ಯೆ ಇವುಗಳನ್ನು ಬರೆದೇ ಇಟ್ಟರು. ಕೊಟ್ಟವರ ಪಟ್ಟಿಯಲ್ಲಿ ದೊಡ್ಡ ವರ್ತಕರ ಜೊತೆಗೆ ಕೈಕಸಬಿನವರ ಅಲ್ಪಸ್ವಲ್ಪ ಕಾಣಿಕೆಗಳೂ ಇವೆ. ನಿಧಿಯನ್ನು ಬದುಕಿಸಿದುದು ಒಬ್ಬಿಬ್ಬರ ಔದಾರ್ಯವಲ್ಲ, ಆ ಸಣ್ಣ ಕಾಣಿಕೆಗಳು ತಪ್ಪದೆ ಬಂದುದು.

ಸೆರೆಯ ಮಾತು ಬಂದುದರಿಂದ ನಮ್ಮ ನಾಡಿಗೆ ಸಂಬಂಧಪಟ್ಟ ಸಂಗತಿಯೊಂದನ್ನು ಇಲ್ಲಿ ಸೇರಿಸಬಹುದು. ಕೊಂಕಣದ ಕರಾವಳಿಯಲ್ಲಿ ಎಣ್ಣೆ ತೆಗೆಯುವ ಕಸಬಿನಿಂದ ಬಾಳಿದ ಬೆನೆ ಇಸ್ರೇಲ್ ಎಂಬ ಯೆಹೂದ್ಯರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ ಶನಿವಾರ ತೇಲಿಗಳೆಂದು ಹೆಸರಾದರು. ಅವರಲ್ಲಿ ಸ್ಯಾಮ್ಯುಯಲ್ ಎಜೆಕಿಯಲ್ ದಿವೇಕರ್ ಎಂಬವನು ಇಂಗ್ಲಿಷರ ಸೈನ್ಯದಲ್ಲಿದ್ದು, ಮೈಸೂರಿನ ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕಿದನೆಂದೂ, ಬಿಡುಗಡೆಯಾದರೆ ಪ್ರಾರ್ಥನಾಮಂದಿರವನ್ನು ಕಟ್ಟಿಸುವುದಾಗಿ ಹರಕೆ ಹೊತ್ತನೆಂದೂ ಪ್ರತೀತಿ. 1796ರಲ್ಲಿ ಅವನು ಮುಂಬಯಿಯಲ್ಲಿ ಕಟ್ಟಿಸಿದ ಮಂದಿರವೇ ಆ ನಗರದ ಮೊದಲನೆಯ ಯೆಹೂದ್ಯ ಮಂದಿರ. 1832ರಲ್ಲಿ ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಡೇವಿಡ್ ಸಸೂನನು ತನ್ನವರಿಗೆ ಮಂದಿರವನ್ನು ಕಟ್ಟಿಸಿದುದಲ್ಲದೆ, ಪುಣೆಯಲ್ಲಿ ಎಲ್ಲ ಮತದವರಿಗೂ ಉಪಯೋಗವಾಗುವ ಆಸ್ಪತ್ರೆಗೆ ಧನವಿತ್ತನು. 1867ರಲ್ಲಿ ಆರಂಭವಾದ ಆ ಆಸ್ಪತ್ರೆ ಇಂದಿಗೂ ಅವನ ಮನೆತನದ ಹೆಸರಿನಿಂದ ನಡೆಯುತ್ತಿದೆ. ತನ್ನವರಿಗೆ ಕೊಡಲು ಕಲಿತ ಕೈ ಪರರಿಗೆ ಕೊಡಲು ಹಿಂಜರಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಫುಸ್ತಾತಿನ ಸಮುದಾಯದ ಕಥೆಯ ಕೊನೆಯನ್ನೂ ಹೇಳಬೇಕಾಗಿದೆ. 1940ರ ದಶಕದಲ್ಲಿ ಈಜಿಪ್ಟಿನಲ್ಲಿ ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಯೆಹೂದ್ಯರಿದ್ದರು. ಕೈರೋವಿನಲ್ಲಿ ಬಡಮಕ್ಕಳ ಪೋಷಣೆಗೆಂದು ಅವರು ನಡೆಸಿದ ಸಂಘಕ್ಕೆ ಹಾಲಿನ ಹನಿ ಎಂಬ ಅರ್ಥದ ಹೆಸರಿದ್ದಿತು. 1948, 1956, 1967ರ ಯುದ್ಧಗಳ ತರುವಾಯ ಬಹುಮಂದಿ ದೇಶವನ್ನು ಬಿಟ್ಟು ಹೋದರು, ಹಲವರು ಹೊರಡಿಸಲ್ಪಟ್ಟರು. ಇಂದು ಅಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ. ಭಾರತದಲ್ಲಿಯೂ ಅನೇಕ ಯೆಹೂದ್ಯರು ಸ್ವಂತ ಇಚ್ಛೆಯಿಂದ ಇಸ್ರೇಲಿಗೆ ತೆರಳಿದುದರಿಂದ ಕೆಲವೇ ಸಾವಿರ ಜನರು ಇದ್ದಾರೆ. ಬೆನ್ ಎಜ್ರಾ ಮಂದಿರವನ್ನು ದುರಸ್ತಿಮಾಡಿ 2023ರಲ್ಲಿ ಮತ್ತೆ ತೆರೆದಿದ್ದಾರೆ. ನೋಡಲು ಯಾತ್ರಿಕರು ಹೋಗುತ್ತಾರೆ. ಮಂಗಳವಾರ ರೊಟ್ಟಿಗೆ ಬರುವವರಿಲ್ಲ, ಕೊಡುವವರೂ ಇಲ್ಲ.

ಸಮುದಾಯವು ಹೀಗೆ ಕುಗ್ಗುತ್ತ ಬಂದಾಗಲೇ ಅದರ ನಿಧಿಯ ಬೆಲೆ ಹೆಚ್ಚುವುದೆಂಬುದನ್ನು ಕೇಳುಗರು ಆಲೋಚಿಸಬೇಕು. ಹೋಗಲು ಶಕ್ತಿಯಿದ್ದವರು ಹೋಗುತ್ತಾರೆ. ಉಳಿಯುವವರು ಸಾಮಾನ್ಯವಾಗಿ ಮುದುಕರು, ರೋಗಿಗಳು, ಒಂಟಿಯಾದವರು. ಅವರ ಹಬ್ಬದೂಟಕ್ಕೆ, ಔಷಧಕ್ಕೆ, ಸತ್ತಾಗ ಸ್ವಮತದ ವಿಧಿಯಂತೆ ಮಣ್ಣು ಹಾಕುವುದಕ್ಕೆ ಆ ಊರಿನ ಆ ನಿಧಿಯ ಹೊರತು ಬೇರೆ ದಿಕ್ಕಿಲ್ಲ. ಹತ್ತು ಸಾವಿರ ಜನರಲ್ಲಿ ಒಬ್ಬನು ಕೊಡದಿದ್ದರೆ ತಿಳಿಯುವುದಿಲ್ಲ. ನೂರು ಜನರಲ್ಲಿ ಒಬ್ಬನು ಕೈಬಿಟ್ಟರೆ ಯಾರದೋ ಮನೆಯ ರೊಟ್ಟಿ ನಿಲ್ಲುತ್ತದೆ. ಆದುದರಿಂದ ಸಣ್ಣ ಸಮುದಾಯದ ಸಣ್ಣ ನಿಧಿಗೆ ಕೊಡುವವನು, ತನ್ನ ಕಾಣಿಕೆ ಅಲ್ಪವೆಂದು ಸಂಕೋಚಪಡಬೇಕಾದುದಿಲ್ಲ.

ಫುಸ್ತಾತಿನ ಪಟ್ಟಿಗಳಲ್ಲಿ ಹೆಸರು ಬರೆಸಿಕೊಂಡ ವಿಧವೆಯರೂ ಅನಾಥರೂ ತಮ್ಮ ಹೆಸರು ಒಂಬತ್ತು ಶತಮಾನಗಳ ಮೇಲೆ ಯಾರೋ ಓದುವರೆಂದು ಎಣಿಸಿರಲಾರರು. ನಾಲ್ಕು ರೊಟ್ಟಿಗಳೆಂದು ಎದುರಿಗೆ ಗುರುತು ಹಾಕಿದವನೂ ಎಣಿಸಿರಲಾರನು. ಅವನಿಗೆ ಬೇಕಾಗಿದ್ದುದು ಶುಕ್ರವಾರ ಸೂರ್ಯ ಮುಳುಗುವುದಕ್ಕೆ ಮೊದಲು ಆ ರೊಟ್ಟಿ ಆ ಮನೆಯನ್ನು ಮುಟ್ಟಬೇಕೆಂಬುದಷ್ಟೆ. ಅದು ಮುಟ್ಟಿತೆಂಬುದಕ್ಕೆ ಆ ಚೂರು ಕಾಗದವು ಇಂದಿಗೂ ಸಾಕ್ಷಿಯಾಗಿದೆ.